ನೂರ್ಬರ್ಗ್‌ರಿಂಗ್‌ನ ಹಳೇ ಹಾದಿಗೆ ಫಾರ್ಮುಲಾ ಒನ್ ಮತ್ತೆ ಬರಬೇಕಾ?

2025ರ ಸೆಪ್ಟೆಂಬರ್‌ನಲ್ಲಿ ಫಾರ್ಮುಲಾ ಒನ್ ಡ್ರೈವರ್ ಮ್ಯಾಕ್ಸ್ ವರ್‌ಸ್ಟಾಪನ್ ಜರ್ಮನಿಯ ನಾರ್ಡ್‌ಶ್ಲೈಫೆಯಲ್ಲಿ, ಅಂದರೆ ನೂರ್ಬರ್ಗ್‌ರಿಂಗ್‌ನ ಹಳೇ ಟ್ರ್ಯಾಕಿನಲ್ಲಿ, ಫೆರಾರಿ ಜಿಟಿ3 ಕಾರು (ರಸ್ತೆ ಕಾರಿನ ಮಾದರಿಯಲ್ಲೇ ಮಾಡಿದ ರೇಸ್ ಕಾರು) ಓಡಿಸಿ ಗೆದ್ದರು. ಅವತ್ತಿನಿಂದ ನಮ್ಮ ರೇಸಿಂಗ್ ಹುಚ್ಚಿನ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. 'ಹಾಲಿ ಕಾಲದ ಅಷ್ಟು ದೊಡ್ಡ ಡ್ರೈವರೇ ಅಲ್ಲಿ ಇಷ್ಟಪಟ್ಟು ಓಡಿಸ್ತಾನೆ ಅಂದ್ರೆ, ಫಾರ್ಮುಲಾ ಒನ್ ಯಾಕೆ ಅಲ್ಲಿಗೆ ವಾಪಸ್ ಹೋಗಬಾರದು?' ಆ ಪ್ರಶ್ನೆಗೆ ಗುಂಪಿನಲ್ಲಿ ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ. ಆ ಟ್ರ್ಯಾಕನ್ನು ತುಂಬಾ ಪ್ರೀತಿಸುವುದರಿಂದಲೇ ಹೀಗೆ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಶ್ಚಿಮ ಜರ್ಮನಿಯ ಐಫೆಲ್ ಗುಡ್ಡಗಳ ಕಾಡಿನ ನಡುವೆ 1927ರಲ್ಲಿ ತೆರೆದ ಟ್ರ್ಯಾಕ್ ಇದು. ಈಗಿನ ಉದ್ದ 20.8 ಕಿ.ಮೀ. ಒಂದೇ ಒಂದು ಸುತ್ತು ಅಂದರೆ ಹತ್ತಿರ ಹತ್ತಿರ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೋದಷ್ಟು ದೂರ! ಎಪ್ಪತ್ತಕ್ಕೂ ಜಾಸ್ತಿ ತಿರುವುಗಳು. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಫಾರ್ಮುಲಾ ಒನ್ ಡ್ರೈವರ್ ಜಾಕಿ ಸ್ಟೀವರ್ಟ್ ಇದನ್ನು 'ಹಸಿರು ನರಕ' ಅಂತ ಕರೆದರು, ಆ ಹೆಸರೇ ಉಳಿದುಕೊಂಡಿತು. ಹಾಗೆ ಕರೆದವರೇ 1968ರಲ್ಲಿ ಮಳೆ ಮತ್ತು ಮಂಜಿನ ನಡುವೆ ಇಲ್ಲಿ ನಾಲ್ಕು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ನಾಲ್ಕು ಸೆಕೆಂಡ್ ಅಲ್ಲ, ನಾಲ್ಕು ನಿಮಿಷ. 1957ರಲ್ಲಿ 46 ವರ್ಷದ ಡ್ರೈವರ್ ಫಾಂಜಿಯೋ ಪಿಟ್‌ನಲ್ಲಿ (ಟೈರ್, ಪೆಟ್ರೋಲಿಗೆ ಅಂತ ಕಾರು ನಿಲ್ಲಿಸುವ ಜಾಗ) ಕಳೆದುಕೊಂಡ ಸಮಯವನ್ನೆಲ್ಲ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತಾ ವಾಪಸ್ ಗಳಿಸಿ ಗೆದ್ದಿದ್ದೂ ಇಲ್ಲೇ. ಆ ಗೆಲುವಿನಿಂದಲೇ ಅವರಿಗೆ ಐದನೇ ವಿಶ್ವ ಚಾಂಪಿಯನ್ ಪಟ್ಟ ಸಿಕ್ಕಿತು.

ನಾನಿರೋದು ಕಲೋನ್‌ನಲ್ಲಿ. ಇಲ್ಲಿಂದ ಟ್ರ್ಯಾಕಿಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಾದಿ. ರೇಸ್ ಇಲ್ಲದ ಕೆಲವು ದಿನಗಳಲ್ಲಿ ಲೈಸೆನ್ಸ್ ಇರುವ ಯಾರು ಬೇಕಾದರೂ ಟಿಕೆಟ್ ತಗೊಂಡು ತಮ್ಮದೇ ಕಾರಿನಲ್ಲಿ ಅಲ್ಲಿ ಒಂದು ಸುತ್ತು ಹಾಕಬಹುದು. ಮೊದಲ ಸಲ ಗೆಳೆಯನ ಚಿಕ್ಕ ಕಾರಿನಲ್ಲಿ ಹೋಗಿದ್ದೆ. ಬಲಗಡೆಯೇ ಇದ್ದುಕೊಂಡು, ಹಿಂದಿನಿಂದ ಬಂದವರಿಗೆಲ್ಲ ಬಲಗಡೆ ಇಂಡಿಕೇಟರ್ ಹಾಕಿ ದಾರಿ ಬಿಡುತ್ತಾ ಹೋದೆವು. ಟಿವಿಯಲ್ಲಿ, ವಿಡಿಯೋ ಗೇಮಿನಲ್ಲಿ ನೂರು ಸಲ ನೋಡಿದ ಜಾಗ. ಆದರೂ ಫುಕ್ಸ್‌ರೋರೆಯ ಇಳಿಜಾರಿಗೆ ಬಂದಾಗ ಹೊಟ್ಟೆ ಗಂಟಲಿಗೆ ಬಂದ ಹಾಗಾಯಿತು. ಆ ಇಳಿಜಾರು ಎಷ್ಟು ಕಡಿದು ಅಂತ ಯಾವ ಪರದೆಯೂ ತೋರಿಸಲ್ಲ. ಎರಡೂ ಕಡೆ ಕಿರಿದಾದ ಹುಲ್ಲಿನ ಪಟ್ಟಿ, ಅದರ ಪಕ್ಕದಲ್ಲೇ ಗಾರ್ಡ್‌ರೈಲು, ಅದರ ಹಿಂದೆ ಕಾಡು. ಅಷ್ಟೇ.

ಎರಡನೇ ಸುತ್ತಿಗೆ ಅಂತ ಸಾಲಿನಲ್ಲಿ ನಿಂತಾಗ ಗೇಟು ಮುಚ್ಚಿದರು. ಒಳಗೆ ಎಲ್ಲೋ ಅಪಘಾತ. ಆಂಬುಲೆನ್ಸ್ ಹೋಯಿತು. ಸ್ವಲ್ಪ ಹೊತ್ತಿಗೆ ಕ್ರೇನ್ ಗಾಡಿ ಹೋಯಿತು. ಮುಕ್ಕಾಲು ಗಂಟೆ ಅಲ್ಲೇ ಕಾದೆವು. ಪಾರ್ಕಿಂಗ್‌ನಲ್ಲಿದ್ದವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅಲ್ಲಿ ಅದು ಮಾಮೂಲು. ಆದರೆ 'ಎಲ್ಲಿ ಆಗಿದೆ?' ಅಂತ ಕೇಳಿದಾಗ ಒಬ್ಬೊಬ್ಬರು ಒಂದೊಂದು ತಿರುವಿನ ಹೆಸರು ಹೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಜಾಗ ಅದು. ನನ್ನ ಅಭಿಪ್ರಾಯ ಬದಲಾಗಿದ್ದು ಆ ಮುಕ್ಕಾಲು ಗಂಟೆಯಲ್ಲೇ.

ಯಾಕೆಂದರೆ ಈ ವಾದದಲ್ಲಿ ಎಲ್ಲರೂ ತಿರುವುಗಳ ಬಗ್ಗೆ, ಧೈರ್ಯದ ಬಗ್ಗೆ ಮಾತಾಡುತ್ತಾರೆ. ಡ್ರೈವರ್‌ಗಳಿಗೆ ಧೈರ್ಯ ಕಮ್ಮಿಯಾಗಿಲ್ಲ. ಕಾರುಗಳೂ ಹಿಂದೆಂದಿಗಿಂತ ಗಟ್ಟಿ. ಅಲ್ಲಿನ ದೊಡ್ಡ ಕಷ್ಟ ದೂರ. ಅಪಘಾತವಾದ ಮೇಲೆ ಸಹಾಯ ಎಷ್ಟು ಹೊತ್ತಿಗೆ ತಲುಪುತ್ತದೆ ಅನ್ನೋದು.

1976ರ ಆಗಸ್ಟ್ 1 ನೆನಪಿಸಿಕೊಳ್ಳಿ. ಈ ಟ್ರ್ಯಾಕಿನಲ್ಲಿ ರೇಸ್ ಬೇಡ ಅಂತ ಫೆರಾರಿ ಡ್ರೈವರ್ ನಿಕಿ ಲೌಡಾ ಮೊದಲೇ ಹೇಳಿದ್ದರು, ಉಳಿದವರು ಒಪ್ಪಲಿಲ್ಲ. ಹೇಳಿದವರು ಅಂಜುಬುರುಕರಲ್ಲ. ಹಿಂದಿನ ವರ್ಷವಷ್ಟೇ ಇಲ್ಲಿ ಮೊದಲ ಸಲ ಏಳು ನಿಮಿಷದೊಳಗೆ ಸುತ್ತು ಮುಗಿಸಿದವರು. ಎರಡನೇ ಸುತ್ತಿನಲ್ಲಿ, ಬೆರ್ಗ್‌ವೆರ್ಕ್ ತಿರುವಿಗೆ ಸ್ವಲ್ಪ ಮುಂಚೆ ಅವರ ಫೆರಾರಿ ದಾರಿ ತಪ್ಪಿ ಗುದ್ದಿತು. ಗುದ್ದಿದ ಕಾರು ಅಲ್ಲೇ ನಿಲ್ಲಲಿಲ್ಲ. ಬೆಂಕಿ ಹತ್ತಿಕೊಂಡು ಟ್ರ್ಯಾಕಿಗೇ ವಾಪಸ್ ಬಂತು. ಹಿಂದಿನಿಂದ ಬಂದ ಕಾರುಗಳು ಅದಕ್ಕೆ ಗುದ್ದಿದವು. ಲೌಡಾರನ್ನು ಬೆಂಕಿಯಿಂದ ಎಳೆದು ತೆಗೆದವರು ಯಾರು? ಜೊತೆ ಡ್ರೈವರ್‌ಗಳು. ಮೆರ್ಜಾರಿಯೋ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ತಮ್ಮ ತಮ್ಮ ರೇಸ್ ಬಿಟ್ಟು ಓಡಿ ಬಂದ ನಾಲ್ಕು ಜನ. ಅವರಲ್ಲದೆ ಬೇರೆ ಯಾರನ್ನೂ ನೆಚ್ಚಿಕೊಳ್ಳುವ ಹಾಗಿರಲಿಲ್ಲ. 42 ದಿನಕ್ಕೆ ಲೌಡಾ ಮೊಂಜಾದಲ್ಲಿ ಮತ್ತೆ ಕಾರು ಹತ್ತಿ ನಾಲ್ಕನೆಯವರಾಗಿ ಮುಗಿಸಿದರು. ಆ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಾರ್ಡ್‌ಶ್ಲೈಫೆಯಲ್ಲಿ ಫಾರ್ಮುಲಾ ಒನ್ ಜರ್ಮನ್ ಗ್ರಾಂ ಪ್ರಿ ಅವತ್ತಿಗೇ ಮುಗಿಯಿತು.

'ಅದು ಹಳೇ ಕಾಲ, ಈಗ ಡ್ರೈವರ್ ತಲೆ ಕಾಯುವ ಹೇಲೋ ಕಂಬಿ ಇದೆ, ಬೆಂಕಿ ತಡೆಯುವ ಬಟ್ಟೆ ಇದೆ' ಅನ್ನುತ್ತೀರಿ. ಸರಿ, ಹಾಗಾದರೆ 2020ರ ಬಹ್ರೇನ್ ನೋಡೋಣ. ರೋಮೇನ್ ಗ್ರೋಜಾನ್ ಕಾರು ಮೊದಲ ಸುತ್ತಿನಲ್ಲೇ ಸುಮಾರು 190 ಕಿ.ಮೀ. ವೇಗದಲ್ಲಿ ಗಾರ್ಡ್‌ರೈಲಿಗೆ ಗುದ್ದಿ ಎರಡು ತುಂಡಾಗಿ ಬೆಂಕಿಯ ಉಂಡೆಯಾಯಿತು. 28 ಸೆಕೆಂಡಿನಲ್ಲಿ ಅವರು ಹೊರಗೆ ಬಂದರು. ಹೇಲೋ ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬೆಂಕಿಯ ಪಕ್ಕದಲ್ಲೇ ಡಾಕ್ಟರ್ ನಿಂತಿದ್ದರಲ್ಲ, ಅವರು ಹೇಗೆ ಬಂದರು? ಮೊದಲ ಸುತ್ತಿನಲ್ಲಿ ಮೆಡಿಕಲ್ ಕಾರು ಎಲ್ಲರ ಹಿಂದೆಯೇ ಓಡುತ್ತದೆ. 1978ರಲ್ಲಿ ಡ್ರೈವರ್ ರೋನಿ ಪೀಟರ್ಸನ್ ಅಪಘಾತದ ಮೇಲೆ ಫಾರ್ಮುಲಾ ಒನ್‌ನ ಡಾಕ್ಟರ್ ಸಿಡ್ ವಾಟ್ಕಿನ್ಸ್ ತಂದ ಪದ್ಧತಿ ಅದು. ಲೌಡಾ ಅಪಘಾತವಾಗಿದ್ದು ಎರಡನೇ ಸುತ್ತಿನಲ್ಲಿ. ಅಂದರೆ ಆ ಪದ್ಧತಿ ಅವತ್ತೇ ಇದ್ದಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಪಿಟ್‌ನಿಂದ ಹೊರಟ ಮೆಡಿಕಲ್ ಕಾರು ಸರಾಸರಿ 150 ಕಿ.ಮೀ. ವೇಗದಲ್ಲಿ ಹೋದರೂ 10 ಕಿ.ಮೀ. ದೂರದ ಜಾಗ ತಲುಪೋಕೆ ನಾಲ್ಕು ನಿಮಿಷ ಬೇಕು. ಒಂದರ ಬದಲು ಹತ್ತು ಮೆಡಿಕಲ್ ಕಾರು ಇಡಬಹುದು ನಿಜ. ಆದರೆ ಮಂಜಿಗೆ ಏನು ಮಾಡುತ್ತೀರಿ?

2020ರಲ್ಲಿ ಫಾರ್ಮುಲಾ ಒನ್ ನೂರ್ಬರ್ಗ್‌ರಿಂಗ್‌ಗೆ ಬಂದಿತ್ತು, ನೆನಪಿದೆಯಾ? ಹಳೇ ಟ್ರ್ಯಾಕಿಗಲ್ಲ. ಪಕ್ಕದಲ್ಲೇ 1984ರಲ್ಲಿ ತೆರೆದ ಹೊಸ ಟ್ರ್ಯಾಕಿಗೆ. ಅದರ ಉದ್ದ 5.1 ಕಿ.ಮೀ. ಅಷ್ಟೇ. ದಾರಿ ತಪ್ಪಿದ ಕಾರು ನಿಲ್ಲೋಕೆ ಅಗಲವಾದ ಖಾಲಿ ಜಾಗ (ರನ್‌ಆಫ್), ಎಲ್ಲಾ ಸೌಲಭ್ಯ. ಆದರೂ ಶುಕ್ರವಾರ ಇಡೀ ದಿನ ಒಂದು ಕಾರೂ ಹೊರಗೆ ಬರಲಿಲ್ಲ. ಮಂಜಿನಲ್ಲಿ ಮೆಡಿಕಲ್ ಹೆಲಿಕಾಪ್ಟರ್ ಹಾರೋಕೆ ಆಗಲ್ಲ ಅಂತ ಎರಡೂ ಅಭ್ಯಾಸ ರದ್ದಾದವು. ಚಿಕ್ಕ ಟ್ರ್ಯಾಕಿಗೇ ಈ ಪಾಡು. ನಾರ್ಡ್‌ಶ್ಲೈಫೆಯಲ್ಲಿ ನಡೆಯುವ 24 ಗಂಟೆ ರೇಸಿನಲ್ಲೂ 2024ರಲ್ಲಿ ಹೀಗೇ ಆಯಿತು. ಮಂಜು ಬಂದು ಗಂಟೆಗಟ್ಟಲೆ ನಿಲ್ಲಿಸಿದರು, ಕೊನೆಗೆ ಬರೀ 50 ಸುತ್ತಿಗೆ ರೇಸ್ ಮುಗಿಯಿತು. ಐಫೆಲ್‌ನಲ್ಲಿ ಒಂದು ತಿರುವಿನಲ್ಲಿ ಬಿಸಿಲು, ಇನ್ನೊಂದರಲ್ಲಿ ಮಳೆ, ಮತ್ತೊಂದರಲ್ಲಿ ಮಂಜು ಇರುತ್ತದೆ. ಅಲ್ಲಿಗೆ ಹೋದವರಿಗೆಲ್ಲ ಇದು ಗೊತ್ತು.

ಗುಂಪಿನಲ್ಲಿ ಜಾಸ್ತಿ ಬಂದ ವಾದ ಅಂದರೆ, ಜಿಟಿ3 ಕಾರುಗಳು ರಾತ್ರಿಯೆಲ್ಲ ಓಡ್ತವಲ್ಲ ಅನ್ನೋದು. ಒಳ್ಳೇ ವಾದವೇ. ನೂರಕ್ಕೂ ಜಾಸ್ತಿ ಕಾರುಗಳು ಆ ಕತ್ತಲಲ್ಲಿ ಓಡುವುದನ್ನು ನೋಡಿ ನಾನೂ ಮೈಮರೆತಿದ್ದೇನೆ. ಆದರೆ ಅವಕ್ಕೆ ಮೇಲ್ಛಾವಣಿ ಇದೆ. ಚಕ್ರ ಕವಚದೊಳಗಿದೆ. ಹಳ್ಳದಿಣ್ಣೆ ನುಂಗುವಷ್ಟು ಸಸ್ಪೆನ್ಷನ್ ಇದೆ. ಫಾರ್ಮುಲಾ ಒನ್ ಕಾರು ನೆಲಕ್ಕೆ ಅಂಟಿಕೊಂಡೇ ಓಡಬೇಕು. ಅದರ ಹೊಟ್ಟೆಯಡಿಯ ಹಲಗೆ 1 ಮಿಲಿಮೀಟರ್‌ಗಿಂತ ಜಾಸ್ತಿ ಸವೆದರೆ ರೇಸಿನಿಂದಲೇ ಹೊರಗೆ. ಅಂಥ ಕಾರು ಫ್ಲಾನ್ಜ್‌ಗಾರ್ಟನ್‌ನ ಉಬ್ಬಿನ ಮೇಲೆ ಹಾರಿ ಬೀಳುವುದನ್ನು ಯೋಚಿಸಿ. ಅದರ ಮುಂದಿನ ಚಕ್ರ ಇನ್ನೊಂದರ ಹಿಂದಿನ ಚಕ್ರಕ್ಕೆ ತಗುಲಿದರೆ ಕಾರು ಗಾಳಿಗೇಳುತ್ತದೆ. ಅಲ್ಲಿ ಬೇಲಿಯ ಆಚೆ ಜನ ನಿಂತಿರುತ್ತಾರೆ. 2015ರಲ್ಲಿ ಜಿಟಿ3 ಕಾರೇ ಫ್ಲೂಗ್‌ಪ್ಲಾಟ್ಸ್ ಉಬ್ಬಿನಲ್ಲಿ ಎದ್ದು ಬೇಲಿ ದಾಟಿ ಹೋಯಿತು. ಒಬ್ಬ ಪ್ರೇಕ್ಷಕ ತೀರಿಕೊಂಡ. ಆಮೇಲೆ ಟ್ರ್ಯಾಕಿನ ಆ ಭಾಗದಲ್ಲಿ ವೇಗದ ಮಿತಿ ಹಾಕಿ, ನೆಲ ಸರಿಮಾಡಬೇಕಾಯಿತು.

ಇನ್ನು ಕೆಲವರು 'ಪೋರ್ಷೆಯ 919 ಎವೋ ರೇಸ್ ಕಾರು 2018ರಲ್ಲಿ 5 ನಿಮಿಷ 19 ಸೆಕೆಂಡಿನಲ್ಲಿ ಸುತ್ತಲಿಲ್ವಾ' ಅಂತಾರೆ. ಸುತ್ತಿತು. ಟಿಮೋ ಬರ್ನ್‌ಹಾರ್ಡ್ ಒಬ್ಬರೇ, ಖಾಲಿ ಟ್ರ್ಯಾಕಿನಲ್ಲಿ, ಆರಿಸಿಕೊಂಡ ದಿನ. ಇಪ್ಪತ್ತು ಕಾರುಗಳು ಚಕ್ರಕ್ಕೆ ಚಕ್ರ ಕೊಟ್ಟು ಹೋಗುವುದು ಬೇರೆಯೇ ಸಂಗತಿ.

ಟ್ರ್ಯಾಕನ್ನೇ ಸುರಕ್ಷಿತ ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. 1970ರಲ್ಲಿ ಡ್ರೈವರ್‌ಗಳು ಇಲ್ಲಿ ಓಡಿಸಲ್ಲ ಅಂದರು, ಆ ವರ್ಷದ ರೇಸ್ ಹಾಕನ್‌ಹೈಮ್‌ಗೆ ಹೋಯಿತು. ಇಲ್ಲಿ ಉಬ್ಬು ತಗ್ಗಿಸಿದರು, ಗಾರ್ಡ್‌ರೈಲು ಹಾಕಿದರು, 1971ಕ್ಕೆ ರೇಸ್ ವಾಪಸ್ ಬಂತು. ಐದು ವರ್ಷಕ್ಕೆ ಲೌಡಾ ಅಪಘಾತ. ಬೆಲ್ಜಿಯಂನ ಸ್ಪಾ ಕಥೆಯೂ ಕೇಳಿ. ಅಲ್ಲಿ 1966ರಲ್ಲಿ ಸ್ಟೀವರ್ಟ್ ಮಳೆಯಲ್ಲಿ ಗುದ್ದಿ, ಪೆಟ್ರೋಲಿನಲ್ಲಿ ನೆಂದು ಸುಮಾರು 25 ನಿಮಿಷ ಕಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಿಡಿಸೋಕೆ ಜೊತೆ ಡ್ರೈವರ್‌ಗಳಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್ ಪ್ರೇಕ್ಷಕರೊಬ್ಬರಿಂದ ಸ್ಪ್ಯಾನರ್ ಇಸ್ಕೊಂಡು ಬರಬೇಕಾಯಿತು. ಆಮೇಲೆ ಸ್ಟೀವರ್ಟ್ ತಮ್ಮ ಸ್ಟೀರಿಂಗಿಗೇ ಒಂದು ಸ್ಪ್ಯಾನರ್ ಟೇಪ್ ಹಾಕಿ ಅಂಟಿಸಿಕೊಂಡು ಓಡಿಸುತ್ತಿದ್ದರು. ಆ 14 ಕಿ.ಮೀ. ಸ್ಪಾಗೆ ಫಾರ್ಮುಲಾ ಒನ್ 1983ರಲ್ಲಿ ಮರಳಿತು ನಿಜ. ಆದರೆ ಅದನ್ನು 7 ಕಿ.ಮೀ.ಗೆ ಕತ್ತರಿಸಿದ ಮೇಲೆ. ಹಾಗೆ ಕತ್ತರಿಸಿದ ಸ್ಪಾದಲ್ಲೇ 2019ರಲ್ಲಿ ಫಾರ್ಮುಲಾ 2 ರೇಸಿನಲ್ಲಿ (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಡ್ರೈವರ್ ಆಂಥ್ವಾನ್ ಹ್ಯೂಬರ್ ತೀರಿಕೊಂಡರು. ತಡೆಗೋಡೆಗೆ ಗುದ್ದಿದ ಕಾರು ಪುಟಿದು ವಾಪಸ್ ಬಂದು, ಹಿಂದೆ ಬರುತ್ತಿದ್ದವರಿಗೆ ಅಡ್ಡ ಸಿಕ್ಕಿತು. ಲೌಡಾಗೆ ಆದ ಹಾಗೇ. ನಾರ್ಡ್‌ಶ್ಲೈಫೆಯಲ್ಲಿ ಗುದ್ದಿದ ಕಾರು ಪುಟಿದು ಬಾರದಷ್ಟು ಜಾಗ ಮಾಡಬೇಕೆಂದರೆ ಗುಡ್ಡ ಅಗೆಯಬೇಕು, ಕಾಡು ಕಡಿಯಬೇಕು. ಅಷ್ಟು ಮಾಡಿದ ಮೇಲೆ ಅದು ನಾವು ಬಯಸಿದ ಟ್ರ್ಯಾಕ್ ಆಗಿ ಉಳಿಯುತ್ತಾ? ಅಗಲ ಮಾಡಿದ ಕಾರುಸೆಲ್ ತಿರುವು, ನುಣ್ಣಗಾದ ಫ್ಲಾನ್ಜ್‌ಗಾರ್ಟನ್ ಯಾರಿಗೆ ಬೇಕು?

ಕಾಲಿನ್ಸ್, ಮಾರಿಮೋನ್, ಡಿ ಬೋಫೋರ್, ಟೇಲರ್, ಮಿಟ್ಟರ್. ಇವರೆಲ್ಲ ಗ್ರಾಂ ಪ್ರಿ ವಾರಾಂತ್ಯಗಳಲ್ಲಿ ಅಲ್ಲಿ ಅಪಘಾತಕ್ಕೆ ಸಿಕ್ಕಿ ಜೀವ ಕಳೆದುಕೊಂಡವರು. 'ಆ ಕಾಲದ ರೋಮಾಂಚನವೇ ಬೇರೆ' ಅಂತ ಬರೆಯುವಾಗ ಈ ಹೆಸರುಗಳನ್ನೂ ಒಂದು ಸಲ ಓದಿ ಅಂತ ಗೆಳೆಯರಲ್ಲಿ ಕೈಮುಗಿದು ಕೇಳುತ್ತೇನೆ.

ನನಗೂ ಒಂದು ಆಸೆ ಇದೆ, ಇಲ್ಲ ಅನ್ನಲ್ಲ. 2007ರಲ್ಲಿ ನಿಕ್ ಹೈಡ್‌ಫೆಲ್ಡ್, 2013ರಲ್ಲಿ ಮೈಕೆಲ್ ಶೂಮಾಕರ್ ಪ್ರದರ್ಶನಕ್ಕೆ ಅಂತ ಅಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿದ್ದರು. ಅದೇ ಥರ ಈಗಿನ ಒಂದು ಕಾರು, ಒಬ್ಬರೇ ಡ್ರೈವರ್, ಎದುರಿಗೆ 5:19 ಗಡಿಯಾರ. ಸಸ್ಪೆನ್ಷನ್ ಎತ್ತರ ಮಾಡಿಕೊಳ್ಳಲಿ, ನಿಯಮ ಸಡಿಲ ಮಾಡಿಕೊಳ್ಳಲಿ. ದಾರಿಯುದ್ದಕ್ಕೂ ಮೆಡಿಕಲ್ ಕಾರುಗಳು ನಿಂತಿರಲಿ. ಮಂಜು ಬಿದ್ದರೆ ಮರುದಿನ, ಮತ್ತೆ ಬಿದ್ದರೆ ಅದರ ಮರುದಿನ. ಆಕಾಶ ತಿಳಿಯಾಗಿ ಹೆಲಿಕಾಪ್ಟರ್ ಹಾರುವಂತಾದ ದಿನವೇ ಓಡಲಿ. ಅಂಥ ದಿನ ಬಂದರೆ ರಜೆ ಹಾಕಿ, ಬೆಳಗಿನ ಜಾವವೇ ಹೋಗಿ ಬ್ರೂನ್‌ಶನ್ ತಿರುವಿನ ದಿಬ್ಬದ ಮೇಲೆ ಜಾಗ ಹಿಡಿಯುತ್ತೇನೆ. ಫ್ಲಾಸ್ಕ್‌ನಲ್ಲಿ ಕಾಫಿ ನಾನೇ ತರುತ್ತೇನೆ. ಬರುವವರು ಕೆಳಗೆ ಹೇಳಿ.