ಇಂಟರ್‌ಲಾಕ್ ಅಂಗಳದ ಮೇಲೆ ಮರದ ಪೆಟ್ಟಿಗೆ

ಉಡುಪಿ ಕಡೆ ಈಗ ಕೈತೋಟದ ಹುಚ್ಚು ಜೋರಾಗಿದೆ. ಜರ್ಮನಿಯ ಲೈಪ್‌ಜಿಗ್‌ನಿಂದ ರಜೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಚಾ ಕೊಡುವ ಮೊದಲೇ ಟೆರೇಸಿಗೆ ಕರೆದುಕೊಂಡು ಹೋಗಿ ಗ್ರೋ ಬ್ಯಾಗ್ ತೋರಿಸುತ್ತಾರೆ. ಖುಷಿಯ ವಿಷಯವೇ. ಆದರೆ ನೋಡುತ್ತ ನೋಡುತ್ತ ನನಗೊಂದು ಕಿರಿಕಿರಿ ಶುರುವಾಗಿದೆ. ಚಳಿ ದೇಶದವರ ತೋಟದಿಂದ ನಮಗೆ ಬೇಡದ್ದನ್ನೆಲ್ಲ ತಂದುಕೊಂಡಿದ್ದೇವೆ, ತರಬೇಕಾದ್ದನ್ನು ಅಲ್ಲೇ ಬಿಟ್ಟಿದ್ದೇವೆ.

ದೂರದವರ ಮಾತೇಕೆ, ಕಟಪಾಡಿಯ ನಮ್ಮ ಅಣ್ಣನ ಮನೆಯನ್ನೇ ಹೇಳುತ್ತೇನೆ. ಗೇಟಿನಿಂದ ಹಿಂದಿನ ಬಾವಿಕಟ್ಟೆಯವರೆಗೂ ಇಂಟರ್‌ಲಾಕ್ ಕಲ್ಲಿನ ಹಾಸು. ಅದರ ಮೇಲೆ ಎರಡಡಿ ಎತ್ತರದ ಮರದ ಪೆಟ್ಟಿಗೆ, ಅದಕ್ಕೆ ರೈಸ್ಡ್ ಬೆಡ್ ಎಂದು ಹೆಸರು. ಪೆಟ್ಟಿಗೆಯೊಳಗೆ ಆನ್‌ಲೈನಿನಲ್ಲಿ ತರಿಸಿದ ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯದೇ ಪುಡಿ. ತೆಂಗಿನ ಸಿಪ್ಪೆಯ ರಾಶಿ ಶೆಡ್ಡಿನ ಹಿಂದೆ ಕೊಳೆಯುತ್ತಿದೆ, ಅದು ಬೇರೆ ಮಾತು. ಒಂದು ಮಳೆಗಾಲ ಕಳೆಯುವುದರೊಳಗೆ ಹಲಗೆಯ ಕೆಳಗಿನ ಅಂಚಿಗೆ ಗೆದ್ದಲು ಮಣ್ಣು ಮೆತ್ತಿಕೊಂಡು ಹತ್ತಿದೆ. ಬೆರಳಿನಿಂದ ಒತ್ತಿದರೆ ಮರ ಬಿಸ್ಕತ್ತಿನ ಹಾಗೆ ಉದುರುತ್ತದೆ.

ಆ ಪೆಟ್ಟಿಗೆ ಜರ್ಮನಿಯಲ್ಲಿ ಯಾಕಿದೆ ಗೊತ್ತೇ? ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಬೇಗ ಬಿಸಿಯಾಗುವುದಿಲ್ಲ. ನಾಲ್ಕು ಬದಿಗೂ ಬಿಸಿಲು ತಗಲುವ ಹಾಗೆ ಮಣ್ಣನ್ನು ಎತ್ತರಿಸಿ, ಅಡಿಗೆ ಕೊಳೆಯುವ ಕಡ್ಡಿ ಎಲೆ ತುಂಬಿಸಿದರೆ ಬೀಜ ಒಂದೆರಡು ವಾರ ಮೊದಲೇ ಮೊಳೆಯುತ್ತದೆ. ನಮ್ಮ ಮಣ್ಣಿಗೆ ಬಿಸಿಯ ಕೊರತೆ ಯಾವಾಗ ಬಂತು ಮಾರಾಯ್ರೆ? ಏಪ್ರಿಲಿನಲ್ಲಿ ಆ ಪೆಟ್ಟಿಗೆ ಬೆಳಿಗ್ಗೆ ಹೊಯ್ದ ನೀರನ್ನು ಸಂಜೆಯವರೆಗೂ ಹಿಡಿದಿಟ್ಟುಕೊಳ್ಳುವುದಿಲ್ಲ.

ಕರಾವಳಿಯವರಿಗೆ ಎತ್ತರ ತಗ್ಗಿನ ಲೆಕ್ಕ ಬೇರೆಯೇ ಇತ್ತು. ಲೈಪ್‌ಜಿಗ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಉಡುಪಿಯಲ್ಲಿ 4,000 ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಆದ್ದರಿಂದ ಮಳೆಗಾಲದ ಬೆಂಡೆ, ಹೀರೆ, ಮುಳ್ಳುಸೌತೆಗೆ ಏರಿ ಮಾಡಿ ನಡುವೆ ನೀರು ಹರಿದುಹೋಗಲು ಕಣಿ ಬಿಡುವುದು. ಮಳೆ ನಿಂತ ಮೇಲೆ ಅದೇ ಜಾಗವನ್ನು ತಗ್ಗು ಮಾಡಿ, ಬುಡಕ್ಕೆ ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ ಕೊಟ್ಟು, ಹೊಯ್ದ ನೀರು ಅಲ್ಲೇ ನಿಲ್ಲುವ ಹಾಗೆ ಪಾತಿ ಕಟ್ಟುವುದು. ಬೂದಿಗೂ ಕಾರಣವಿತ್ತು. ಅಷ್ಟು ಮಳೆಗೆ ಸುಣ್ಣದಂಶ ತೊಳೆದುಹೋಗಿ ನಮ್ಮ ಮುರಕಲ್ಲು ಮಣ್ಣು ಹುಳಿಯಾಗಿರುತ್ತದೆ, ಬೂದಿ ಆ ಹುಳಿಯನ್ನು ಕಡಿಮೆ ಮಾಡುತ್ತದೆ. ವರ್ಷಕ್ಕೆರಡು ಸಲ ನೆಲದ ಆಕಾರವನ್ನೇ ಬದಲಿಸುತ್ತಿದ್ದವರ ಮನೆಗೆ ಮೊಳೆ ಹೊಡೆದು ಕೂರಿಸಿದ ಪೆಟ್ಟಿಗೆ ಯಾತಕ್ಕೆ?

ಕಾಲ ನೋಡುವುದರಲ್ಲಿ ಮಾತ್ರ ಎರಡೂ ಊರು ಆಶ್ಚರ್ಯವಾಗುವಷ್ಟು ಹತ್ತಿರ. ಅಲ್ಲಿ ಮೇ 11ರಿಂದ 15ರವರೆಗಿನ ದಿನಗಳಿಗೆ ‘ಐಸ್‌ಹೈಲಿಗೆ’, ಅಂದರೆ ಹಿಮದ ಸಂತರ ದಿನ ಎನ್ನುತ್ತಾರೆ. ಕೊನೆಯ ದಿನ, ಅಂದರೆ ಸಂತ ಸೋಫಿಯ ದಿನ ದಾಟದೆ ಹಳಬರು ಟೊಮೆಟೊ ಸಸಿಯನ್ನು ಹೊರಗೆ ನೆಡುವುದಿಲ್ಲ, ಒಂದು ರಾತ್ರಿಯ ಹಿಮಕ್ಕೆ ಎಲ್ಲ ಕರಟಿಹೋಗುತ್ತದೆ ಎಂಬ ಭಯ. ಅದಾಗಿ ಹತ್ತು ದಿನದೊಳಗೆ ನಮ್ಮಲ್ಲಿ ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು, ದೈವಗಳ ಕೋಲ ನೇಮ ಮುಗಿದವು, ಇನ್ನು ಗದ್ದೆ ತೋಟ ನೋಡಿ ಎಂದು ಅರ್ಥ. ಅವತ್ತು ಹತ್ತು ಹನಿಯಾದರೂ ಬೀಳಬೇಕೆಂದು ಹಿರಿಯರು ಹೇಳುತ್ತಿದ್ದರು. ಲೈಪ್‌ಜಿಗ್‌ನ ಸೂಪರ್‌ಮಾರ್ಕೆಟ್ಟಿನ ಹುಡುಗನಿಗೂ ಸೋಫಿಯ ದಿನ ಗೊತ್ತು. ಗ್ರೋ ಬ್ಯಾಗಿನ ನಮ್ಮ ಗೆಳೆಯರು ಪತ್ತನಾಜೆ ಬಿಟ್ಟು ಬೀಜದ ಪೊಟ್ಟಣದ ಬೆನ್ನು ಓದುತ್ತಾರೆ.

ಇನ್ನು ಬಸಳೆ. ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ನೀರು ಹೊರಬೀಳುವ ಕಡೆ ಬಸಳೆ ಚಪ್ಪರ, ಅದರಾಚೆ ಕೆಸು, ಅದಕ್ಕೂ ಆಚೆ ಎರಡು ಬಾಳೆ. ಮೀಯುವ ನೀರು ಮೊದಲು ಬಸಳೆಗೆ, ಉಳಿದದ್ದು ಕೆಸುವಿಗೆ, ಕೊನೆಯದು ಬಾಳೆಗೆ. ಯಾರೂ ಕೂತು ಯೋಜನೆ ಹಾಕಿದ್ದಲ್ಲ, ಅಲ್ಲಿ ನೀರಿತ್ತು, ಅಲ್ಲೇ ನೆಟ್ಟರು. ನೆರೆಮನೆಯಿಂದ ತಂದ ಒಂದು ಗೇಣು ದಂಟು ಊರಿದರೆ ಸಾಕು, ತೆಂಗಿನ ಮಡಲು ಹಾಸಿದ ಚಪ್ಪರದ ಮೇಲೆ ಅಂಗೈ ಅಗಲದ ಎಲೆ ಬಿಡುತ್ತಿತ್ತು. ಹಲಸಿನ ಬೀಜ ಹಾಕಿದರೆ ಒಂದು ಪದಾರ್ಥ, ಮರುವಾಯಿ ಎಂಬ ಚಿಪ್ಪುಮೀನು ಹಾಕಿದರೆ ಇನ್ನೊಂದು. ಈಗ ಬಚ್ಚಲಿನ ನೀರು ಪೈಪಿನಲ್ಲಿ ಇಂಗುಗುಂಡಿಗೆ ಹೋಗುತ್ತದೆ. ಟೆರೇಸಿನ ಬಸಳೆಗೆ ನಳ್ಳಿ ನೀರು. ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ನೀರು ತಳ ಕಂಡು ಉಡುಪಿ ಪೇಟೆಯಲ್ಲಿ ನೀರಿಗೆ ಪಾಳಿ ಬಂದಾಗ ಮೊದಲು ಬಾಡುವುದು ಆ ಬಸಳೆಯೇ.

ಹಾಗಾದರೆ ತರಬೇಕಾದ್ದು ಏನು? ಲೆಕ್ಕ.

ಲೈಪ್‌ಜಿಗ್‌ನಲ್ಲಿ ನನಗಿರುವುದು ಸಂಘದಿಂದ ಗೇಣಿಗೆ ಪಡೆದ ತೋಟದ ತುಂಡು, ‘ಕ್ಲೈನ್‌ಗಾರ್ಟನ್’. ಈ ಪದ್ಧತಿಯ ತವರು ಆ ಊರೇ. 1864ರಲ್ಲಿ ಶಾಲೆಯ ಮುಖ್ಯಸ್ಥ ಹೌಶಿಲ್ಡ್ ಕಟ್ಟಿದ ಸಂಘ ಮಕ್ಕಳ ಆಟದ ಬಯಲಿಗಾಗಿ ಹುಟ್ಟಿತು. ಬಯಲಿನ ಅಂಚಿನಲ್ಲಿ ಮಕ್ಕಳಿಗೆಂದು ಮಾಡಿದ ಪಾತಿಗಳು ಸ್ವಲ್ಪ ಕಾಲದಲ್ಲೇ ಅಪ್ಪ ಅಮ್ಮಂದಿರ ಕೈಸೇರಿದವು. ಮಕ್ಕಳು ಕಳೆ ಕೀಳಲಿಲ್ಲ, ಇನ್ನೇನು. 1983ರ ಕಾನೂನಿನ ಪ್ರಕಾರ ತುಂಡು 400 ಚದರ ಮೀಟರ್ ಮೀರಬಾರದು. ನಮ್ಮ ಲೆಕ್ಕದಲ್ಲಿ ಹತ್ತು ಸೆಂಟ್ಸ್, ಅಂದರೆ ಉಡುಪಿಯ ಒಂದು ಒಳ್ಳೆಯ ಮನೆ ಸೈಟು. ಅದರಲ್ಲಿ ಗುಡಿಸಲು ಜಗಲಿಯೂ ಸೇರಿ 24 ಚದರ ಮೀಟರಿನೊಳಗೆ ಮುಗಿಯಬೇಕು. 2004ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ, ಕನಿಷ್ಠ ಮೂರನೇ ಒಂದು ಪಾಲಿನಲ್ಲಿ ತಿನ್ನುವ ಬೆಳೆ ಇರಬೇಕು ಎಂದಿತು. ಬರೀ ಹುಲ್ಲು ಹಾಸಿ ಬಾರ್ಬೆಕ್ಯೂ ಇಟ್ಟರೆ ಸಂಘದ ಪತ್ರ ಬರುತ್ತದೆ. ಬೇಲಿಯ ಎತ್ತರಕ್ಕೆ, ಮಧ್ಯಾಹ್ನದ ಸದ್ದಿಗೆ ಇರುವ ನಿಯಮಗಳು ನನಗೂ ತಲೆನೋವೇ, ಅವನ್ನು ತರುವುದು ಬೇಡ.

ಆ ಮೂರನೇ ಒಂದು ಪಾಲಿನ ಮಾತು ಮಾತ್ರ ನಮಗೆ ಬೇಕಾದ್ದು. ಹತ್ತು ಸೆಂಟ್ಸಿನಲ್ಲಿ ಮನೆ, ಕಾರಿನ ಶೆಡ್ಡು, ಉಳಿದದ್ದಕ್ಕೆ ಕಲ್ಲು ಎಂದಾದ ಮೇಲೆ ಎಷ್ಟು ಗ್ರೋ ಬ್ಯಾಗ್ ಇಟ್ಟರೂ ಅದು ಹಿತ್ತಿಲಾಗುವುದಿಲ್ಲ. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಇಂಗುವುದಕ್ಕೂ ಜಾಗ ಬೇಕಲ್ಲ. ಮನೆ ಕಟ್ಟುವಾಗ ವಾಸ್ತುವಿಗೆ ಕೊಡುವ ಗಮನದ ಕಾಲುಭಾಗವನ್ನು ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಕೊಟ್ಟರೂ ಸಾಕಿತ್ತು.

ಲೆಕ್ಕದ ಇನ್ನೊಂದು ಭಾಗ ದುಡಿಮೆಯದು. ಹಳೆಯ ಹಿತ್ತಿಲನ್ನು ನೆನೆದು ನಿಟ್ಟುಸಿರು ಬಿಡುವವರು ನನ್ನಂಥ ಗಂಡಸರೇ ಹೆಚ್ಚು. ಬೇಸಿಗೆಯಲ್ಲಿ ಬಾವಿಯಿಂದ ಕೊಡಪಾನ ಸೇದಿ ತೊಂಡೆ ಚಪ್ಪರಕ್ಕೆ ಹೊಯ್ದವರು ಹೆಂಗಸರು. ಸೌತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಮುಂದಿನ ಬಿತ್ತನೆಗೆ ಗೋಡೆಗೆ ಮೆತ್ತಿಟ್ಟವರೂ ಅವರೇ. ಅದಕ್ಕೆ ಕೆಲಸವೆಂಬ ಹೆಸರೇ ಇರಲಿಲ್ಲ. ನಮ್ಮ ಜರ್ಮನ್ ಸಂಘದಲ್ಲಿ ಪ್ರತಿ ಸದಸ್ಯನೂ ವರ್ಷಕ್ಕಿಷ್ಟು ಗಂಟೆ ಸಾಮೂಹಿಕ ಕೆಲಸ ಮಾಡಬೇಕು, ತಪ್ಪಿದರೆ ಗಂಟೆಗಿಷ್ಟು ಎಂದು ಹಣ ಕಟ್ಟಬೇಕು. ಡಾಕ್ಟರಾದರೂ ಅಷ್ಟೆ, ಬಸ್ ಚಾಲಕನಾದರೂ ಅಷ್ಟೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಕಟಪಾಡಿಯಿಂದ ಶಿರ್ವದ ರಸ್ತೆ ಹಿಡಿದರೆ ಶಂಕರಪುರ. ಅಲ್ಲಿ ಮನೆ ಪಕ್ಕದ ಮಲ್ಲಿಗೆ ಗಿಡ ಇವತ್ತಿಗೂ ನಿಂತಿದೆ, ಯಾಕೆಂದರೆ ಅಲ್ಲಿ ಕೆಲಸಕ್ಕೆ ಲೆಕ್ಕವಿದೆ. ನಸುಕಿಗೆ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟಿದರೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ಆ ದಿನದ ದರ. ಮದುವೆಯ ಸೀಸನ್ನಿನಲ್ಲಿ ಆ ದರ ಕೇಳಿದರೆ ನಮ್ಮ ಟೆರೇಸಿನ ಟೊಮೆಟೊ ನಾಚಿಕೊಳ್ಳಬೇಕು. ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರು ಆ ಊರಿನಲ್ಲಿದ್ದಾರೆ. ಇಂಟರ್‌ಲಾಕ್ ಹಾಸುವವನು ಬಂದರೆ ಗಿಡ ಮುಟ್ಟಲು ಬಿಡುವುದಿಲ್ಲ.

ಇದನ್ನೆಲ್ಲ ಅಣ್ಣನ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ, ಬಚ್ಚಲಿನ ಬದಿಯ ನಾಲ್ಕು ಸಾಲು ಕಲ್ಲು ಎಬ್ಬಿಸಿ ಎಂದೆ. ಅಣ್ಣ ತಲೆಯಾಡಿಸಿದ. ಅತ್ತಿಗೆ ಮಾತ್ರ ಬಡಿಸುವುದನ್ನು ನಿಲ್ಲಿಸಿ, “ಮಳೆಗಾಲದಲ್ಲಿ ಆ ಕೆಸರು ಗುಡಿಸುವುದು ಯಾರು? ಸೆಗಣಿ ಸಾರಿಸಿ ಸಾರಿಸಿ ಸೊಂಟ ಹೋದದ್ದು ನನ್ನದು. ನೀರು ಹೊಯ್ಯುವುದು, ಕಳೆ ತೆಗೆಯುವುದು ನಿಮ್ಮಣ್ಣನ ಪಾಳಿ ಎಂದಾದರೆ ನಾಳೆಯೇ ಎಬ್ಬಿಸಿ” ಎಂದರು.

ಅಣ್ಣ ಅದಕ್ಕೆ ಇನ್ನೂ ಹೂಂ ಅಂದಿಲ್ಲ.