ಬೀಗ ಹಾಕಿದ ತೋಟ

ಮಗಳ ಮನೆಗೆಂದು ನ್ಯೂಯಾರ್ಕಿಗೆ ಬಂದು ಮೂರು ವಾರವಾಯಿತು. ನಿನ್ನೆ ಕರಿಬೇವು, ಹುಣಸೆಹಣ್ಣು ತರಲು ನಗರದ ಕ್ವೀನ್ಸ್ ಭಾಗದಲ್ಲಿರುವ ಜಾಕ್ಸನ್ ಹೈಟ್ಸ್ ಬಡಾವಣೆಗೆ ಹೋಗಿದ್ದೆವು. ಅಲ್ಲಿಯ 74ನೇ ಬೀದಿಯಲ್ಲಿ ನಮ್ಮ ಕಡೆಯ ಅಂಗಡಿಗಳ ಸಾಲೇ ಇದೆ. ಚೀಲ ತುಂಬಿಸಿಕೊಂಡು ಸುಮ್ಮನೆ ಒಳಬೀದಿಗಳಲ್ಲಿ ನಡೆಯುತ್ತಿದ್ದಾಗ, ಹಳೆಯ ಇಟ್ಟಿಗೆ ಕಟ್ಟಡವೊಂದರ ಕಬ್ಬಿಣದ ಗೇಟಿನ ಬಳಿ ಸೀರೆಯುಟ್ಟ ಅಜ್ಜಿಯೊಬ್ಬರು ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದರು. ಒಳಗೆ ವಿಶಾಲವಾದ ಹುಲ್ಲುಹಾಸು, ದೊಡ್ಡ ಮರಗಳು, ನೆರಳಿನಲ್ಲಿ ಖಾಲಿ ಬೆಂಚುಗಳು. ಕಾವಲುಗಾರ ಬಂದು, ಇದು ಇಲ್ಲಿನ ನಿವಾಸಿಗಳಿಗೆ ಮಾತ್ರ ಎಂದ. ಒರಟಾಗಿ ಹೇಳಲಿಲ್ಲ. ಅಜ್ಜಿ ಮಗುವಿನ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿ ಹೊರಟುಹೋದರು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸಹಕಾರಿ ವಸತಿಯ ಹುಚ್ಚು ನನಗೆಷ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಆ ಹುಚ್ಚಿನಲ್ಲಿ ಜಾಕ್ಸನ್ ಹೈಟ್ಸಿಗೆ ದೊಡ್ಡ ಪಾಲಿದೆ. ಮ್ಯಾನ್‌ಹ್ಯಾಟನ್‌ನಲ್ಲಿ 25 ಅಡಿ ಅಗಲ, 100 ಅಡಿ ಉದ್ದದ ನಿವೇಶನಗಳಲ್ಲಿ ಗಾಳಿ ಬೆಳಕಿಲ್ಲದ ಬಾಡಿಗೆ ಮನೆಗಳನ್ನು ಒತ್ತೊತ್ತಾಗಿ ಕಟ್ಟುತ್ತಿದ್ದ ಕಾಲದಲ್ಲಿ, ಎಡ್ವರ್ಡ್ ಮೆಕ್‌ಡೂಗಲ್ ಎಂಬ ಉದ್ಯಮಿಯ ಕ್ವೀನ್ಸ್‌ಬರೊ ಕಾರ್ಪೊರೇಷನ್ ಇಲ್ಲಿಯ ಹೊಲಗದ್ದೆಗಳನ್ನು ಕೊಂಡಿತು, ಒಟ್ಟು 325 ಎಕರೆ. 1909ರಲ್ಲಿ ಮ್ಯಾನ್‌ಹ್ಯಾಟನ್‌ಗೆ ಕ್ವೀನ್ಸ್‌ಬರೊ ಸೇತುವೆಯಾಯಿತು, 1917ರಲ್ಲಿ ಮೇಲ್ಸೇತುವೆಯ ರೈಲು ಬಂತು. ವಾಸ್ತುಶಿಲ್ಪಿ ಆಂಡ್ರ್ಯೂ ಥಾಮಸ್ ನಾಲ್ಕು ಬೀದಿಗಳ ನಡುವಿನ ಇಡೀ ಚೌಕವನ್ನೇ ಒಂದು ನಿವೇಶನವೆಂದು ಎಣಿಸಿ, ಕಟ್ಟಡಗಳನ್ನು ಅಂಚಿಗೆ ಸರಿಸಿ, ನಡುವಿನ ಜಾಗವನ್ನೆಲ್ಲ ತೋಟಕ್ಕೆ ಬಿಟ್ಟರು. ಶಾಟೋ ಸಮುಚ್ಚಯದಲ್ಲಿ ಅಂಥ ಹನ್ನೆರಡು ಕಟ್ಟಡಗಳು, ಟವರ್ಸ್‌ನಲ್ಲಿ ಎಂಟು. ಎಲ್ಲ ಮನೆಗೂ ಎರಡು ಕಡೆಯಿಂದ ಗಾಳಿ ಬೆಳಕು. ನಮ್ಮ ತೊಟ್ಟಿಮನೆಯ ಅಂಗಳವನ್ನು ಒಂದು ಬೀದಿಯಷ್ಟು ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. ಆ ಬುದ್ಧಿವಂತಿಕೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

1919ರಿಂದ ಆ ಮನೆಗಳನ್ನು ಸಹಕಾರಿ ಪದ್ಧತಿಯಲ್ಲಿ ಮಾರತೊಡಗಿದರು. ಕಟ್ಟಡ ಸಂಘದ್ದು, ಸದಸ್ಯರಿಗೆ ಷೇರು, ಷೇರಿನ ಮೇಲೆ ವಾಸದ ಹಕ್ಕು. ಕೊಂಡವರು ಮಧ್ಯಮವರ್ಗದವರು, ಗುಮಾಸ್ತರಿಗಿಂತ ಒಂದೆರಡು ಮೆಟ್ಟಿಲು ಮೇಲಿನವರು. 1922ರ ಆಗಸ್ಟ್ 28ರಂದು ಡಬ್ಲ್ಯೂಇಎಎಫ್ (WEAF) ಎಂಬ ರೇಡಿಯೋ ಕೇಂದ್ರ ಪ್ರಸಾರ ಮಾಡಿದ, ಹಣ ಕೊಟ್ಟು ಹಾಕಿಸಿದ ಮೊದಲ ರೇಡಿಯೋ ಜಾಹೀರಾತು ಇಲ್ಲಿಯ ಹಾಥಾರ್ನ್ ಕೋರ್ಟ್ ಮನೆಗಳದ್ದು. ಇಕ್ಕಟ್ಟಿನ ನಗರ ಬಿಟ್ಟು ಹಸಿರಿಗೆ ಬನ್ನಿ ಎಂಬುದೇ ಅದರ ಕರೆ.

ಆ ಕರೆ ಎಲ್ಲರಿಗೂ ಇರಲಿಲ್ಲ. ಯಹೂದಿಗಳಿಗೆ ಇಲ್ಲ, ಕಪ್ಪು ಜನರಿಗೆ ಇಲ್ಲ. ನನ್ನ ಸಿಟ್ಟೆಲ್ಲ ಇಲ್ಲಿಯೇ ಇದೆ. ಷೇರು ಬೇಕಾದವರ ಪೂರ್ವಾಪರ ವಿಚಾರಿಸುವುದು ಸಹಕಾರಿ ಪದ್ಧತಿಯಲ್ಲಿ ಸಹಜವಾಗಿಯೇ ನಡೆಯುವ ಕೆಲಸ. ಆ ಪದ್ಧತಿಯನ್ನು ನೆರೆಹೊರೆಯನ್ನು ಜರಡಿ ಹಿಡಿಯಲು ಬಳಸಿಕೊಂಡರು. ಕೂಡಿ ಬಾಳುವುದು ಎಂಬ ಅರ್ಥದ ಮಾತನ್ನು ಹೀಗೆ ಕೆಡಿಸಿದ್ದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಒಂದೇ ಬಗೆಯ ಜನ ಜೊತೆಯಾಗಿ ಇರಬೇಕೆಂದರೆ ತಪ್ಪೇನು, ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. 2005ರಲ್ಲಿ ನಮ್ಮ ಸುಪ್ರೀಂ ಕೋರ್ಟೇ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ಸಂಘದ ನಿಯಮವನ್ನು ಎತ್ತಿಹಿಡಿಯಿತಲ್ಲ ಎನ್ನುತ್ತೀರಿ. ನಿಜ. ನಾನು ಬಹಳ ಗೌರವಿಸುವ, ಸಹಕಾರಿ ಚಳವಳಿಯ ಮುಂದಾಳು ತಲ್ಮಕಿಯವರು 1915ರಲ್ಲಿ ಮುಂಬೈಯ ಗಾಮದೇವಿಯಲ್ಲಿ ಕಟ್ಟಿದ ಸಾರಸ್ವತ ಸಹಕಾರಿ ವಸತಿ ಸಂಘವೂ ಕೆನರಾ ಕಡೆಯಿಂದ ಹೋದ ಒಂದೇ ಸಮುದಾಯದ್ದು; ಅದು ನನ್ನನ್ನು ಇಂದಿಗೂ ಕಾಡುತ್ತದೆ. ಆದರೆ ಕಾನೂನು ಒಪ್ಪಿತು ಎಂದ ಮಾತ್ರಕ್ಕೆ ಮನಸ್ಸು ಒಪ್ಪಬೇಕೇ? 1927ರಲ್ಲಿ ಇದೇ ನಗರದ ಬ್ರಾಂಕ್ಸ್‌ನಲ್ಲಿ ಅಬ್ರಹಾಂ ಕಜನ್ ಅವರ ಮುಂದಾಳುತನದಲ್ಲಿ ಬಟ್ಟೆ ಹೊಲಿಯುವ ಕಾರ್ಮಿಕರ ಒಕ್ಕೂಟ ಅಮಾಲ್ಗಮೇಟೆಡ್ ಸಹಕಾರಿ ಮನೆಗಳನ್ನು ಕಟ್ಟಿತು. ಅಲ್ಲಿಯೂ ನಡುವೆ ತೋಟವಿದೆ. ಮನೆ ಬಿಡುವವರು ಷೇರನ್ನು ಲಾಭಕ್ಕೆ ಮಾರದೆ ಸಂಘಕ್ಕೇ ಹಿಂದಿರುಗಿಸಬೇಕಿತ್ತು. ಸಹಕಾರ ಎಂಬ ಮಾತಿಗೆ ನಾನು ಕೊಡುವ ಅರ್ಥ ಅದು.

ಜಾಕ್ಸನ್ ಹೈಟ್ಸಿನ ಆ ಜರಡಿ ಎರಡನೇ ಮಹಾಯುದ್ಧದ ನಂತರ ನಿಧಾನವಾಗಿ ಹರಿದುಹೋಯಿತು. 1965ರ ವಲಸೆ ಕಾನೂನಿನ ಬಳಿಕ ಭಾರತ, ಬಾಂಗ್ಲಾದೇಶ, ಕೊಲಂಬಿಯಾ, ಈಕ್ವೆಡಾರ್‌ಗಳಿಂದ ಜನ ಬಂದರು. 1993ರಲ್ಲಿ ನಗರ ಇದನ್ನು ಐತಿಹಾಸಿಕ ಪ್ರದೇಶವೆಂದು ಘೋಷಿಸಿತು. ಇಂದು ಇಷ್ಟು ಕಿಕ್ಕಿರಿದ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಗಳು ಬೆರಳೆಣಿಕೆಯಷ್ಟು, ಗೇಟಿನ ಹಿಂದಿನ ತೋಟಗಳು ಸಾಲುಸಾಲು. ಕೋವಿಡ್ ಇಲ್ಲಿ ಭೀಕರವಾಗಿ ಬಡಿದ 2020ರಲ್ಲಿ 34ನೇ ಅವೆನ್ಯೂವಿನ 26 ಅಡ್ಡಬೀದಿಗಳುದ್ದಕ್ಕೂ ವಾಹನ ಸಂಚಾರ ತಡೆದು ರಸ್ತೆಯನ್ನು ಜನರಿಗೆ ಬಿಟ್ಟುಕೊಟ್ಟರು. ಮಕ್ಕಳು ಡಾಂಬರಿನ ಮೇಲೆ ಆಡಿದರು. ನಿನ್ನೆ ಆ ಅಜ್ಜಿಯೂ ಅತ್ತಲೇ ನಡೆದರು.

ಇಷ್ಟು ಬರೆದ ಮೇಲೆ ಒಂದನ್ನು ಮುಚ್ಚಿಡಲಾರೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂಟು ವರ್ಷಗಳ ಹಿಂದೆ ನಾನೇ ಕಾರ್ಯದರ್ಶಿ. ಮನೆಕೆಲಸದವರು, ಚಾಲಕರು ತೋಟದ ಬೆಂಚುಗಳ ಮೇಲೆ ಕೂರಬಾರದು ಎಂಬ ನೋಟಿಸು ಆಗ ಹೊರಟಿತು. ಸಮಿತಿಯ ತೀರ್ಮಾನ ಎಂದು ಹೇಳಿ ನುಣುಚಿಕೊಳ್ಳಬಹುದು. ಕೆಳಗಿನ ಸಹಿ ನನ್ನದು. ಮೂರನೇ ಮಹಡಿಯಲ್ಲಿ ಕೆಲಸ ಮಾಡುವ ಅಮ್ಮ ಅದಕ್ಕೂ ಮೊದಲು ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅಂದಿನಿಂದ ಜನರೇಟರ್ ಪಕ್ಕದ ಮೆಟ್ಟಿಲ ಮೇಲೆ ಮಾಡುತ್ತಾರೆ. ನಾನು ದಿನವೂ ಅವರನ್ನು ದಾಟಿಕೊಂಡೇ ವಾಯುವಿಹಾರಕ್ಕೆ ಹೋಗಿದ್ದೇನೆ, ಎಂಟು ವರ್ಷ.

ಇಂದು ಬೆಳಿಗ್ಗೆ ಸಮಿತಿಗೆ ಪತ್ರ ಕಳಿಸಿದೆ. ಆ ನೋಟಿಸನ್ನು ರದ್ದು ಮಾಡುವ ವಿಷಯವನ್ನು ಮುಂದಿನ ತಿಂಗಳ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೇಳಿದ್ದೇನೆ. ಅಷ್ಟರಲ್ಲಿ ನಾನು ಊರಿಗೆ ಬಂದಿರುತ್ತೇನೆ. ನಮ್ಮ ಕಟ್ಟಡದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸಭೆಗೆ ಬನ್ನಿ, ಕೈ ಎತ್ತಿ.