ಖಾಲಿ ಅಲ್ರೀ ಅದು! ರಿಪೇರಿ ಅಂಗಡಿಯವರು ಖಾಲಿ ಜಾಗ ಅಂತ ಅಳಿಸಿದ್ದು ನನ್ನ ಫೋಟೋಗಳಿದ್ದ ಡಿಸ್ಕಿನ ಭಾಗ.

ಸುಟ್ಟಿದ್ದು ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮಾತ್ರ. ಗಂಗಾವತಿಯಲ್ಲಿ ಕರೆಂಟ್ ಹೋಗಿ ಬಂದಾಗ ಟಪ್ ಅಂತ ಸದ್ದಾಯಿತು, ಕಂಪ್ಯೂಟರ್ ಸತ್ತುಹೋಯಿತು. ನಾನೇ ಬದಲಿಸಬಹುದಿತ್ತು. ಆದರೆ ಆ ವಾರ ಶಾಲೆಯಲ್ಲಿ ಪರೀಕ್ಷೆ, ಪೇಪರ್ ತಿದ್ದುವ ಕೆಲಸ, ಪುರುಸೊತ್ತಿರಲಿಲ್ಲ. ರಿಪೇರಿ ಅಂಗಡಿಗೆ ಕೊಟ್ಟೆ. ಕೊಡುವಾಗ ಎರಡೆರಡು ಸಲ ಹೇಳಿದೆ: "ಡಿಸ್ಕ್ ಮುಟ್ಟಬ್ಯಾಡ್ರಿ, ಅದರಾಗ ವಿಂಡೋಸ್ ಜೋಡಿ ಉಬುಂಟುನೂ ಐತಿ." "ಆತ್ರಿ ಸರ" ಅಂದ ಅಂಗಡಿಯವ. ಉಬುಂಟು ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ತಂತ್ರಾಂಶ (ಓಎಸ್), ಲಿನಕ್ಸಿನ ಒಂದು ಬಗೆ.

ಮೂರನೇ ದಿನ ತರಲು ಹೋದರೆ ಬಿಲ್ಲಿನಲ್ಲಿ ಮೂರು ಸಾಲು. ಎಸ್‌ಎಂಪಿಎಸ್, ಸರಿ. ಸಿಮಾಸ್ ಸೆಲ್, ಅಂದರೆ ಕಂಪ್ಯೂಟರ್ ಆಫ್ ಇದ್ದಾಗಲೂ ಅದರ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ, 100 ರೂಪಾಯಿ. ಓಎಸ್ ಇನ್‌ಸ್ಟಲೇಶನ್, 500 ರೂಪಾಯಿ. ಮೂರನೇ ಸಾಲು ಓದಿದ ಕೂಡಲೇ ಎದೆ ಧಸಕ್ ಅಂತು.

"ಆನ್ ಮಾಡಿದ್ ಕೂಡ್ಲೆ ಕರಿ ಸ್ಕ್ರೀನ್ ಬಂದು ಏನೇನೋ ಲಿಸ್ಟ್ ತೋರಸ್ತಿತ್ರಿ ಸರ, ಓಎಸ್ ಕರಪ್ಟ್ ಆಗಿತ್ತು. ಟೈಮೂ ಐದೂವರೆ ತಾಸು ಹಿಂದಿತ್ತು, ಸೆಲ್ ಹೋಗಿತ್ರಿ."

ಆ ಕರಿ ಸ್ಕ್ರೀನ್ ಗ್ರಬ್ ಕಣಪ್ಪ! ವಿಂಡೋಸ್ ಬೇಕೋ ಉಬುಂಟು ಬೇಕೋ ಅಂತ ಕೇಳುವ ಬೂಟ್ ಲೋಡರ್. ಅದು ಕಂಡಿತೆಂದರೆ ಓಎಸ್ ಕೆಟ್ಟಿದೆ ಅಂತ ಅರ್ಥವಲ್ಲ. ಇನ್ನು ಟೈಮು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ಎರಡೂ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಅಷ್ಟೇ ಹಿಂದೆ ತೋರಿಸುತ್ತದೆ. ನೆಟ್ ಸಿಕ್ಕರೆ ತಾನೇ ಸರಿಮಾಡಿಕೊಳ್ಳುತ್ತದೆ ಅಂತ ನಾನೂ ಹಾಗೇ ಬಿಟ್ಟಿದ್ದೆ. ಸೆಲ್ ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಲೆಕ್ಕ ಹಾಕಿದಂತೆ ಐದೂವರೆ ತಾಸು ಮಾತ್ರ ಹಿಂದೆ ಬೀಳುತ್ತದೇನು? ಒಂದು ಗಳಿಗೆ ಯೋಚಿಸಬಾರದಿತ್ತೆ?

ಸೆಲ್ ಹಾಳಾಗಿ ಹೋಗಲಿ. "ಒಳಗಿದ್ದದ್ದು?" ಅಂತ ಕೇಳಿದೆ.

"ಡಿ ಡ್ರೈವ್ ಹಂಗ ಐತ್ರಿ, ಒಂದ್ ಫೈಲೂ ಹೋಗಿಲ್ಲ. ಉಳಿದದ್ದು ಖಾಲಿ ಜಾಗ ಇತ್ತಲ್ರಿ, ಕೂಡಿಸಿ ಹೊಸ ಇ ಡ್ರೈವ್ ಮಾಡಿ ಕೊಟ್ಟೀವಿ. 220 ಜಿಬಿ!"

ಉಪಕಾರ ಮಾಡಿದವನ ಹಾಗೆ ಹೇಳಿದ. ಲಿನಕ್ಸಿನ ಎಕ್ಸ್‌ಟಿ4 ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ವಿಂಡೋಸಿಗೆ ಓದಲು ಬರುವುದಿಲ್ಲ, ಅದಕ್ಕೆ ಸಿ, ಡಿ ಅಂತ ಅಕ್ಷರ ಕೊಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಪಟ್ಟಿಯಲ್ಲಿ ಹೆಸರಿಲ್ಲದೆ ಬರೀ ಅಳತೆ ಕಾಣುತ್ತದೆ. ಹೆಸರಿಲ್ಲ ಅಂದಮೇಲೆ ಖಾಲಿ ಅಂತ ಯಾರು ಹೇಳಿಕೊಟ್ಟರು ಇವರಿಗೆ? ಬೀಗ ಹಾಕಿದ ಮನೆಗೆ ಬೋರ್ಡಿಲ್ಲ ಅಂತ ಕೆಡವುತ್ತೀರೇನು? ಖಾಲಿ ಜಾಗವಾದರೆ "ಅನ್‌ಅಲೊಕೇಟೆಡ್" ಅಂತ ಅಲ್ಲೇ ಬರೆದಿರುತ್ತದೆ, ಪಾರ್ಟಿಶನ್ ಅಂತ ಅಲ್ಲ.

ಆ 220 ಜಿಬಿಯಲ್ಲಿ ಹಿರೇಬೆಣಕಲ್ ಇತ್ತು. ಭಾನುವಾರ ಬಂದರೆ ಅಲ್ಲಿನ ಗುಡ್ಡ ಹತ್ತುವುದು ನನ್ನ ರೂಢಿ. ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ ಅಲ್ಲಿ, ನಮ್ಮ ಕಡೆಯವರು ಮೋರ್ಯರ ಮನೆ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ. ಒಂದೊಂದು ಕಲ್ಮನೆಯ ಚಪ್ಪಡಿ, ದುಂಡು ಕಿಂಡಿ ಅಳೆದು, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದು, ಉಬುಂಟುವಿನಲ್ಲಿ ಜೋಡಿಸಿ ಇಡುತ್ತಿದ್ದೆ. ಈ ಮಳೆಗಾಲದಲ್ಲಿ ಮೇಲಿನ ಕೆರೆ ತುಂಬಿದ್ದು, ಕಲ್ಲುಗಳ ಮೇಲೆ ಹಸಿರು ಹಬ್ಬಿದ್ದು ಎಲ್ಲ ಅದರಲ್ಲಿತ್ತು. ಕ್ಯಾಮೆರಾದ ಕಾರ್ಡ್ ಅಳಿಸಿ ಮತ್ತೆ ಬಳಸಿದ್ದೇನೆ.

"ಬ್ಯಾಕಪ್ ಇಟ್ಕೊಂಡಿಲ್ಲೇನ್ರಿ ಸರ?" ಅಂದ. ಮೈಯೆಲ್ಲ ಉರಿಯಿತು. ಇಟ್ಟಿದ್ದೆ. ಪ್ರತಿ ವಾರ ಫೈಲ್ ನಕಲು ಮಾಡುವ ಆರ್‌ಸಿಂಕ್ ಓಡಿ ಬೇರೆ ಪಾರ್ಟಿಶನ್ನಿಗೆ ನಕಲಾಗುತ್ತಿತ್ತು. ಅದೂ ಅದೇ ಡಿಸ್ಕಿನಲ್ಲಿ, ಅದಕ್ಕೂ ಅಕ್ಷರವಿಲ್ಲ, ಅದನ್ನೂ ಅಳಿಸಿದ್ದಾರೆ. ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದ್ದು ಯುಗಾದಿಯಲ್ಲಿ. ಅಲ್ಲಿಂದ ದೀಪಾವಳಿಯವರೆಗಿನದು ಹೋಯಿತು. ಒಂದೇ ಡಿಸ್ಕಿನ ನಕಲು ಬ್ಯಾಕಪ್ ಅಲ್ಲ, ಒಪ್ಪುತ್ತೇನೆ, ಅದು ನನ್ನ ತಪ್ಪು. ಆದರೆ ಅಳಿಸಿದವನು ನನಗೆ ಆ ಪಾಠ ಹೇಳುವುದೇ?

ಮನೆಗೆ ತಂದು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಅಳಿಸಿದ್ದನ್ನು ಹುಡುಕಿ ತೆಗೆಯುವ ಟೆಸ್ಟ್‌ಡಿಸ್ಕ್, ಆಮೇಲೆ ಫೋಟೋರೆಕ್ ಓಡಿಸಿದೆ. ಹಳೇ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಬಹಳಷ್ಟು ಸಿಗುತ್ತಿತ್ತು. ನನ್ನದು ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲಿ ಉಳಿಸಿಡುವ ಎಸ್‌ಎಸ್‌ಡಿ. ಫಾರ್ಮ್ಯಾಟ್ ಮಾಡಿದಾಗಲೇ ವಿಂಡೋಸ್ "ಈ ಜಾಗ ಇನ್ನು ಬೇಡ" ಅನ್ನುವ ಟ್ರಿಮ್ ಆದೇಶ ಕಳಿಸುತ್ತದೆ, ಡಿಸ್ಕ್ ಒಳಗಿಂದಲೇ ಆ ಜಾಗ ತೊಳೆದುಬಿಡುತ್ತದೆ. ಬೆಳಗಿನ ಐದಕ್ಕೆ ನೋಡಿದರೆ ಒಂದು ಫೋಟೋ ಇಲ್ಲ.

ಅಳಿಸುವ ಮುಂಚೆ ಒಂದು ಫೋನ್ ಮಾಡಿ "ಸರ, ಇದೇನ್ರಿ?" ಅಂತ ಕೇಳಿದ್ದರೆ ಸಾಕಿತ್ತು. ನನ್ನ ನಂಬರ್ ಬಿಲ್ಲಿನ ಮೇಲೆಯೇ ಬರೆದುಕೊಂಡಿದ್ದರು. "ಕಂಪ್ಯೂಟರ್ ರೆಡಿ ಆಗೇತಿ, ಬರ್ರಿ" ಅಂತ ಹೇಳಲು ಅದೇ ನಂಬರಿಗೆ ಫೋನ್ ಬಂದಿತ್ತು.